ರಕ್ತದ ಬಟ್ಟಲು ಯಾರ ಕೈಯಲ್ಲಿದೆ?

ಅಕ್ಕನ ಮಗಳು ಪಟ್ಟಣದ ಹಾಸ್ಟೆಲಿನಿಂದ ರಜಕ್ಕೆ ಬಂದಿದ್ದಳು. ಚೀಲದಲ್ಲಿ ಇಟ್ಟಿಗೆಯಂಥ ಒಂದು ಇಂಗ್ಲಿಷ್ ಪುಸ್ತಕ. ಗೆಳತಿಯರೆಲ್ಲ ಓದ್ತಾರಂತೆ, ಇವಳೂ ತಂದಿದ್ದಳು. ಎರಡು ದಿನ ಊಟ ತಿಂಡಿ ಮರೆತು ಜಗಲಿ ಮೇಲೆ ಕೂತು ಓದಿದಳು. ಮೂರನೇ ದಿನ ಬಂದು ಕೇಳಿದಳು: "ಮಾವ, ಇದ್ರಲ್ಲಿ ದೇವದೂತರ ರಕ್ತ ಇರೋರೇ ದೆವ್ವಗಳ ಜೊತೆ ಹೋರಾಡೋದು. ಹಂಗಾದ್ರೆ ನಾನು ಇದ್ರಲ್ಲಿ ಯಾರು?"

ನನ್ನ ಬಾಯಿ ಕಟ್ಟಿತು. ಇದೇ ಪ್ರಶ್ನೆಯನ್ನು ಅವಳ ವಯಸ್ಸಿನಲ್ಲಿ ನಾನೂ ಕೇಳಿದ್ದೆ. ಪುಸ್ತಕ ಬೇರೆ ಇತ್ತು, ಅಷ್ಟೆ. ಅವಳು ಓದಿ ಕೆಳಗಿಟ್ಟದ್ದನ್ನು ನಾನು ಎತ್ತಿಕೊಂಡೆ. ಮುಂದಿನ ಭಾಗಗಳನ್ನೂ ತರಿಸಿ ಓದಿದೆ. ಆ ಸಿಟ್ಟಿನಿಂದ ಹುಟ್ಟಿದ್ದು ಈ ಬರಹ.

ಪುಸ್ತಕದ ಹೆಸರು 'ಸಿಟಿ ಆಫ್ ಬೋನ್ಸ್'. ಬರೆದವರು ಕಸಾಂಡ್ರಾ ಕ್ಲೇರ್. ಅಮೆರಿಕದಲ್ಲಿ 2007ರಲ್ಲಿ ಬಂತು. 2014ರ ಹೊತ್ತಿಗೆ ಆರು ಪುಸ್ತಕಗಳ ಸರಣಿಯಾಯಿತು. 2013ರಲ್ಲಿ ಸಿನಿಮಾ, 2016ರಿಂದ 2019ರವರೆಗೆ ಟಿವಿ ಧಾರಾವಾಹಿ. ಕತೆ ಇಷ್ಟು: ನ್ಯೂಯಾರ್ಕಿನ ಹದಿನೈದು ವರ್ಷದ ಹುಡುಗಿ ಕ್ಲೇರಿ. ಬೇರೆಯವರಿಗೆ ಕಾಣದ ದೆವ್ವಗಳು ಅವಳಿಗೆ ಒಂದು ದಿನ ಕಾಣುತ್ತವೆ. ಯಾಕೆ? ಅವಳು ಹುಟ್ಟಿನಿಂದಲೇ 'ನೆಫಿಲಿಂ' ಕುಲದವಳು. ಹಿಂದೆ ರಝಿಯೆಲ್ ಎಂಬ ದೇವದೂತ ತನ್ನ ರಕ್ತವನ್ನು ಮನುಷ್ಯರ ರಕ್ತದ ಜೊತೆ ಒಂದು ಬಟ್ಟಲಲ್ಲಿ ಬೆರೆಸಿ ಕೆಲವರಿಗೆ ಕುಡಿಸಿದನಂತೆ. ಕುಡಿದವರ ಸಂತಾನವೇ ದೆವ್ವ ಬೇಟೆಯಾಡುವ 'ಶ್ಯಾಡೋಹಂಟರ್'ಗಳು. ಉಳಿದ ಜನಕೋಟಿಗೆ ಅವರು ಇಟ್ಟ ಹೆಸರು 'ಮಂಡೇನ್'. ಅಂದರೆ ಬರೀ ಮಾಮೂಲಿ ಜನ. ರಕ್ತಪಿಶಾಚಿ, ತೋಳಮನುಷ್ಯ, ಮಾಂತ್ರಿಕ, ಯಕ್ಷಿಣಿ, ಇವರೆಲ್ಲ ಸೇರಿ 'ಡೌನ್‌ವರ್ಲ್ಡರ್'ಗಳು. ಕೆಳಲೋಕದವರು!

ನೋಡಿದಿರಾ? ಮೇಲೊಂದು ಕುಲ, ಕೆಳಗೊಂದು ಲೋಕ, ನಡುವೆ ಏನೂ ಕಾಣದ ಕುರುಡು ಜನ. ಪಟ ಬಿಡಿಸಿ ತೋರಿಸಬೇಕೇ?

ಇದಕ್ಕಿಂತ ಮುಖ್ಯವಾದದ್ದು ಅಕ್ಷರದ ಮಾತು. ಈ ಬೇಟೆಗಾರರ ಬಲವೆಲ್ಲ ಮೈಮೇಲೆ ಬರೆದುಕೊಳ್ಳುವ ಮಂತ್ರಲಿಪಿಯಲ್ಲಿದೆ. ಒಂದು ಅಕ್ಷರ ಬರೆದರೆ ಗಾಯ ಮಾಯುತ್ತದೆ, ಇನ್ನೊಂದು ಬರೆದರೆ ಬೀಗ ತೆರೆಯುತ್ತದೆ. ಒಳ್ಳೆಯದು. ಆದರೆ ಅದೇ ಅಕ್ಷರವನ್ನು ಮಂಡೇನ್ ಒಬ್ಬನ ಮೈಮೇಲೆ ಬರೆದರೆ? ಅದು ಅವನನ್ನು ಸುಡುತ್ತದೆ, ಹುಚ್ಚು ಹಿಡಿಸುತ್ತದೆ. ಅವನು ಬುದ್ಧಿಗೆಟ್ಟ ಮೃಗವಾಗಿ ಬರೆದವನ ಗುಲಾಮನಾಗುತ್ತಾನೆ. ಅಂಥವನಿಗೆ 'ಫರ್ಸೇಕನ್', ತೊರೆಯಲ್ಪಟ್ಟವನು, ಅಂತ ಹೆಸರು.

ಈ ಪುಟ ಓದಿ ನಾನು ಪುಸ್ತಕ ಮುಚ್ಚಿಟ್ಟೆ. ವೇದ ಕೇಳಿದ ಶೂದ್ರನ ಕಿವಿಗೆ ತವರವನ್ನೂ ಅರಗನ್ನೂ ಕರಗಿಸಿ ಹೊಯ್ಯಬೇಕು, ಉಚ್ಚರಿಸಿದರೆ ನಾಲಗೆ ಕತ್ತರಿಸಬೇಕು, ನೆನಪಿಟ್ಟುಕೊಂಡರೆ ಮೈ ಸೀಳಬೇಕು ಎಂದು ಗೌತಮ ಧರ್ಮಸೂತ್ರ ಹೇಳುತ್ತದೆ. ಅಲ್ಲಿ ಶಿಕ್ಷೆ ಕೊಡಲು ಒಬ್ಬ ಮನುಷ್ಯನಾದರೂ ಬೇಕಿತ್ತು. ಅವನ ಕೈ ಹಿಡಿದು ತಡೆಯಬಹುದಿತ್ತು. ಇಲ್ಲಿ ಅಕ್ಷರವೇ ಸುಡುತ್ತದೆ. ಯಾರೂ ತಪ್ಪಿತಸ್ಥರಲ್ಲ. ಪ್ರಕೃತಿ ನಿಯಮವೇ ಹಾಗೆ! ಅನ್ಯಾಯವನ್ನು ಪ್ರಕೃತಿ ಮಾಡಿಬಿಡುವುದಕ್ಕಿಂತ ದೊಡ್ಡ ಮೋಸ ಯಾವುದಿದೆ?

"ಅಯ್ಯೋ, ಅಮೆರಿಕದ ಹೆಂಗಸಿಗೆ ನಿಮ್ಮ ಜಾತಿ ಏನ್ ಗೊತ್ತು ಸ್ವಾಮಿ?" ಎಂದು ಕೆಲವರು ನಗಬಹುದು. ನಗಲಿ. ಅವರ ದೇಶಕ್ಕೇ ಹೋಗೋಣ. ವರ್ಜೀನಿಯಾ ರಾಜ್ಯ 1924ರಲ್ಲಿ ಜನಾಂಗದ ಶುದ್ಧತೆ ಕಾಪಾಡುವ ಕಾಯ್ದೆ ತಂದಿತು. ಮೈಯಲ್ಲಿ ಕಪ್ಪು ಜನರ ರಕ್ತದ ಸುಳಿವಿದ್ದರೂ ಅವನು ಬಿಳಿಯನಲ್ಲ, ಬಿಳಿಯರನ್ನು ಮದುವೆಯಾಗುವಂತಿಲ್ಲ. ಅಂಥ ಮದುವೆ ನಿಷೇಧಗಳನ್ನು ಅಲ್ಲಿನ ಸುಪ್ರೀಂ ಕೋರ್ಟು ಹೊಡೆದುಹಾಕಿದ್ದು 1967ರಲ್ಲಿ. ಅಂದರೆ ರಕ್ತ ಅಳೆಯುವ ತಕ್ಕಡಿ ಅವರ ಮನೆಯಲ್ಲೂ ಇತ್ತು. ಈಗ ಕತೆಗೆ ಬನ್ನಿ. ಇದೇ ಲೇಖಕಿ 2010ರಿಂದ ಬರೆದ ಇನ್ನೊಂದು ಸರಣಿಯಲ್ಲಿ ಎಡ್ಮಂಡ್ ಎಂಬ ಶ್ಯಾಡೋಹಂಟರ್ ಸಾಮಾನ್ಯ ಹೆಣ್ಣೊಬ್ಬಳನ್ನು ಪ್ರೀತಿಸುತ್ತಾನೆ. ಅವಳನ್ನು ಮದುವೆಯಾಗಬೇಕಾದರೆ ಅವನು ಕುಲವನ್ನೇ ಬಿಡಬೇಕಾಗುತ್ತದೆ. ನಮ್ಮೂರಲ್ಲಿ ಇದಕ್ಕೆ ಬಹಿಷ್ಕಾರ ಅಂತಾರೆ. ಅಲ್ಲಿ ರೋಮಾಂಚಕ ಕತೆ ಅಂತಾರೆ.

ಲೇಖಕಿಗೆ ನ್ಯಾಯ ಮಾಡಬೇಕು. ಆಕೆ ಕುರುಡಿ ಅಲ್ಲ. ಕತೆಯ ಖಳನಾಯಕ ವ್ಯಾಲೆಂಟೈನ್ ರಕ್ತಶುದ್ಧಿಯ ಹುಚ್ಚನೇ. ಕೆಳಲೋಕದವರನ್ನು ನಿರ್ನಾಮ ಮಾಡಬೇಕೆಂದು ಪಡೆ ಕಟ್ಟಿದವನು. ಅವನು ಸೋಲುತ್ತಾನೆ. ದೆವ್ವಕ್ಕೆ ಹುಟ್ಟಿದ ಮಾಂತ್ರಿಕ ಮ್ಯಾಗ್ನಸ್ ಬೇನ್ ಇಡೀ ಕತೆಯಲ್ಲಿ ಎಲ್ಲರಿಗಿಂತ ಮನುಷ್ಯನಾದವನು. ಅವನಿಗೂ ಶ್ಯಾಡೋಹಂಟರ್ ಹುಡುಗ ಅಲೆಕ್‌ಗೂ ನಡುವಿನ ಪ್ರೀತಿಯನ್ನು ಆಕೆ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಮೂರನೇ ಪುಸ್ತಕದಲ್ಲಿ ಕ್ಲೇರಿ ಹೊಸದೊಂದು ಅಕ್ಷರ ಸೃಷ್ಟಿಸುತ್ತಾಳೆ. ಅದನ್ನು ಬರೆದುಕೊಂಡರೆ ಬೇಟೆಗಾರನ ಬಲ ಕೆಳಲೋಕದವನಿಗೆ, ಕೆಳಲೋಕದವನ ಬಲ ಬೇಟೆಗಾರನಿಗೆ. ಇಬ್ಬರೂ ಹೆಗಲಿಗೆ ಹೆಗಲು ಕೊಟ್ಟು ಯುದ್ಧ ಮಾಡುತ್ತಾರೆ. ಆಮೇಲೆ ಕೆಳಲೋಕದವರಿಗೂ ಸಭೆಯಲ್ಲಿ ಪೀಠ ಸಿಗುತ್ತದೆ. ಓದುವಾಗ ನನ್ನ ಕಣ್ಣೂ ತೇವವಾಯಿತು. ಸುಳ್ಳು ಯಾಕೆ ಹೇಳಲಿ?

ಆದರೆ ಕಣ್ಣೊರೆಸಿಕೊಂಡು ಕೇಳಿ: ಆ ಸಮಾನತೆಯ ಅಕ್ಷರ ಬರೆಯುವ ಶಕ್ತಿ ಕ್ಲೇರಿಗೆ ಎಲ್ಲಿಂದ ಬಂತು? ಓದಿನಿಂದಲ್ಲ, ದುಡಿಮೆಯಿಂದಲ್ಲ, ನೋವು ಉಂಡದ್ದರಿಂದಲೂ ಅಲ್ಲ. ಅವಳು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಅವಳಪ್ಪ, ಅದೇ ಖಳನಾಯಕ, ಇನ್ನೊಬ್ಬ ದೇವದೂತನ ರಕ್ತವನ್ನು ತಾಯಿಗೆ ಕೊಟ್ಟಿದ್ದ. ಅಂದರೆ ಎಲ್ಲರಿಗಿಂತ ಒಂದು ಪಾಲು ಹೆಚ್ಚು ಮೇಲುರಕ್ತ ಇದ್ದವಳೇ ಸಮಾನತೆ ತರಬೇಕು! ಶುದ್ಧರಕ್ತದ ಹುಚ್ಚ ಸತ್ತ. ಅವನ ಲೆಕ್ಕ ಮಾತ್ರ ಸರಿಯಾಗಿಯೇ ಉಳಿಯಿತು.

ಕ್ಲೇರಿಯ ಅಣ್ಣನ ಕತೆ ಇನ್ನೂ ಘೋರ. ಅವನಿಗೆ ಗರ್ಭದಲ್ಲೇ ದೆವ್ವದ ರಕ್ತ ಕೊಡಲಾಗಿತ್ತು. ಹಾಗಾಗಿ ಅವನಿಗೆ ಪ್ರೀತಿ ಗೊತ್ತಿಲ್ಲ, ಕರುಣೆ ಗೊತ್ತಿಲ್ಲ. ಕೊನೆಯ ಪುಸ್ತಕದಲ್ಲಿ ದೇವಾಗ್ನಿ ಅವನೊಳಗಿನ ದೆವ್ವದ ರಕ್ತ ಸುಟ್ಟ ಮೇಲೆ ಕೆಲವೇ ಕ್ಷಣ ಒಳ್ಳೆಯ ಹುಡುಗನಾಗಿ ಸಾಯುತ್ತಾನೆ. ಹುಟ್ಟುವ ಮೊದಲೇ ಅಪರಾಧಿ! ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮಾಡಿ ಇಡೀ ಇಡೀ ಸಮುದಾಯಗಳನ್ನು ಹುಟ್ಟುಗಳ್ಳರೆಂದು ಬರೆದರು. 1952ರಲ್ಲಿ ಕಾಯ್ದೆ ಹೋಯಿತು. ಪೊಲೀಸರ ಕಣ್ಣಿನಿಂದ ಹೋಯಿತೇ? ಅಲೆಮಾರಿ ಹಟ್ಟಿಯ ತಾಯಂದಿರನ್ನು ಕೇಳಿ.

ಇನ್ನೊಂದು ತಮಾಷೆಯಿದೆ. ಈ ನೆಫಿಲಿಂ ಎಂಬ ಹೆಸರು ಹೊಸದಲ್ಲ. ಬೈಬಲಿನ ಆದಿಕಾಂಡದ ಆರನೇ ಅಧ್ಯಾಯದಲ್ಲಿ ಬರುತ್ತದೆ. ಯೆಹೂದ್ಯರ ಹಳೆಯ ಹನೋಕನ ಗ್ರಂಥದಲ್ಲಿ ಆ ಕತೆ ವಿಸ್ತಾರವಾಗಿದೆ. ಅಲ್ಲಿ ದೇವದೂತರಿಗೂ ಮನುಷ್ಯ ಹೆಣ್ಣುಗಳಿಗೂ ಹುಟ್ಟಿದವರು ವೀರರಲ್ಲ, ಜನರ ಬೆಳೆ ತಿಂದು ಕೊನೆಗೆ ಜನರನ್ನೇ ತಿಂದ ರಾಕ್ಷಸರು. ಅಜಾಜೇಲ್ ಎಂಬ ದೇವದೂತ ಮನುಷ್ಯರಿಗೆ ಲೋಹ ಬಡಿಯುವುದನ್ನು, ಕತ್ತಿ ಗುರಾಣಿ ಬಳೆ ಮಾಡುವುದನ್ನು ಕಲಿಸಿದ. ಕಲಿಸಿದ್ದೂ ಅವನ ಪಾಪಗಳಲ್ಲಿ ಒಂದಾಯಿತು. ಅವನ ಕೈಕಾಲು ಕಟ್ಟಿ ಮರಳುಗಾಡಿನ ಗುಂಡಿಗೆ ಎಸೆದು ಮೇಲೆ ಚೂಪುಗಲ್ಲು ಹೇರಿದರು. ಬಲಿಯನ್ನು ಪಾತಾಳಕ್ಕೆ ತುಳಿದ ಕತೆ ಕೇಳಿ ಬೆಳೆದ ನಮಗೆ ಇದು ಹೊಸದೇ? ಅಂದು ರಾಕ್ಷಸರಾಗಿದ್ದ ಅದೇ ಮಿಶ್ರರಕ್ತದವರು ಇಂದು ಲೋಕರಕ್ಷಕರು. ಹಾಗಾದರೆ ದೇವದೂತ ಯಾರು, ದೆವ್ವ ಯಾರು ಎಂದು ತೀರ್ಮಾನಿಸುವುದು ರಕ್ತವಲ್ಲ. ಕತೆ ಹೇಳುವ ಬಾಯಿ.

"ಮಕ್ಕಳ ಕಲ್ಪನೆಗೆ ಇಷ್ಟೊಂದು ಯಾಕೆ ಹಾರಾಡ್ತೀರಿ?" ಎನ್ನುತ್ತಾರೆ. ಕಲ್ಪನೆ ಎಂದರೇನು ಸ್ವಾಮಿ? ಇಲ್ಲದ ಲೋಕ ಕಟ್ಟುವ ಸ್ವಾತಂತ್ರ್ಯ. ಆಕಾಶದಲ್ಲಿ ಹಾರುವ ಮೋಟಾರ್ ಸೈಕಲ್ ಕಲ್ಪಿಸಬಲ್ಲವರಿಗೆ ಹುಟ್ಟಿನ ಮೇಲುಕೀಳಿಲ್ಲದ ಒಂದು ಲೋಕ ಕಲ್ಪಿಸಲು ಆಗಲಿಲ್ಲ ಅಂದರೆ, ನಾವು ಚಿಂತೆ ಮಾಡಲೇಬೇಕು.

ಬೇರೆ ದಾರಿ ಇರಲಿಲ್ಲವೇ? ಇತ್ತು. ಅದೇ ಅಮೆರಿಕದ ಉರ್ಸುಲಾ ಲೆ ಗ್ವಿನ್ 1968ರಲ್ಲೇ ಅರ್ತ್‌ಸೀ ಎಂಬ ದ್ವೀಪಲೋಕದ ಕತೆ ಬರೆದರು. ನಾಯಕ ಗೆಡ್ ಕಂಚುಗಾರನ ಮಗ, ಆಡು ಮೇಯಿಸಿದವನು, ಕಂದುಮೈಯವನು. ಹುಟ್ಟುಶಕ್ತಿ ಅವನಿಗೂ ಇದೆ, ಮುಚ್ಚಿಡುವುದಿಲ್ಲ. ಆದರೆ ಅದನ್ನು ಅವನು ಕಲಿಯಬೇಕು, ತಪ್ಪು ಮಾಡಬೇಕು, ಬೆಲೆ ತೆರಬೇಕು. ಬೆನ್ನಟ್ಟಿ ಬಂದ ಕರಾಳ ನೆರಳನ್ನು ಕೊನೆಗೆ ಅವನು ಕರೆಯುವುದು ತನ್ನದೇ ಹೆಸರಿನಿಂದ. ದೆವ್ವ ಇನ್ನೊಂದು ಕುಲದಲ್ಲಿಲ್ಲ, ನನ್ನಲ್ಲೇ ಇದೆ ಎಂದು ಒಪ್ಪಿಕೊಳ್ಳುವ ಧೈರ್ಯ ಅದು. 2004ರಲ್ಲಿ ಟಿವಿಯವರು ಆ ಕಂದು ಹುಡುಗನ ಪಾತ್ರಕ್ಕೆ ಬಿಳಿಯ ನಟನನ್ನು ಹಾಕಿದಾಗ ಲೆ ಗ್ವಿನ್ ಬಹಿರಂಗವಾಗಿ ಬರೆದು ಪ್ರತಿಭಟಿಸಿದರು.

ಮೇಷ್ಟ್ರುಗಳೇ, ಗೆಳೆಯರೇ, ಈ ಪುಸ್ತಕಗಳನ್ನು ಬೂಸಾ ಎಂದು ಎಸೆಯುವುದು ಸುಲಭ. ಎಸೆಯಬೇಡಿ. ಮಕ್ಕಳ ಕೈಯಿಂದ ಪುಸ್ತಕ ಕಸಿಯುವ ಕೆಲಸ ಸಾವಿರಾರು ವರ್ಷ ಬೇರೆಯವರು ಮಾಡಿದ್ದಾರೆ, ನಾವು ಮಾಡುವುದು ಬೇಡ. ಓದಲಿ, ಆದರೆ ಕೇಳಲಿ. ಬಟ್ಟಲು ಯಾರ ಕೈಯಲ್ಲಿದೆ? ಅದನ್ನು ಯಾರಿಗೆ ಕುಡಿಸಿದರು, ಯಾರಿಗೆ ಇಲ್ಲ ಅಂದರು? ಕೆಳಲೋಕ ಅಂತ ಹೆಸರಿಟ್ಟವರು ಯಾರು? ದೆವ್ವದ ಕಡೆಯವರ ಬಾಯಲ್ಲಿ ಈ ಕತೆ ಹೇಳಿದರೆ ಹೇಗಿರುತ್ತೆ? ತರಗತಿಯಲ್ಲಿ ಬರೆಸಿ ನೋಡಿ. ಕುವೆಂಪು 1944ರಲ್ಲಿ 'ಶೂದ್ರ ತಪಸ್ವಿ'ಯಲ್ಲಿ ಶಂಬೂಕನ ಕಡೆಗೆ ಹೊರಟ ಬಾಣವನ್ನೇ ತಿರುಗಿಸಿದರು. ಬಾಣ ತಿರುಗಿಸುವುದು ನಮ್ಮ ಮಕ್ಕಳಿಗೂ ಬರುತ್ತದೆ. ಪೆನ್ನು ಕೊಡಿ.

ಹುಡುಗಿಗೆ ನಾನು ಹೇಳಿದ್ದು ಇಷ್ಟೇ: "ನೀನು ಅದ್ರಲ್ಲಿ ಇಲ್ಲ ಕಣವ್ವ. ಅದ್ಕೇ ನೀನೇ ಬರೀಬೇಕು." ಹಾಸ್ಟೆಲಿಗೆ ಹೊರಟಾಗ ಪುಸ್ತಕದ ಜೊತೆಗೆ ಒಂದು ಇನ್ನೂರು ಪುಟದ ನೋಟ್‌ಬುಕ್ಕನ್ನೂ ಚೀಲಕ್ಕೆ ಹಾಕಿಕೊಂಡಳು. ಅವಳು ಎಂಥ ದೆವ್ವದ ಕತೆ ಬರೆಯುತ್ತಾಳೋ ನನಗೆ ಗೊತ್ತಿಲ್ಲ. ಆದರೆ ಅಕ್ಷರ ಅವಳ ಕೈ ಸುಟ್ಟಿಲ್ಲ.