ಕಾರಿನ ಬಾಗಿಲು ತೆಗೆಯುವುದನ್ನು ಮನೆಮಂದಿಗೆಲ್ಲ ಕಲಿಸೋಣ

ಹೋದ ಬೇಸಿಗೆಯಲ್ಲಿ ನಮ್ಮ ತಾಲ್ಲೂಕಿನ ಒಂದು ಮದುವೆ ಛತ್ರದ ಮುಂದೆ ನಡೆದದ್ದು. ನಾವು ಸುದ್ದಿಗೆಂದು ಹೋದವರಲ್ಲ, ಊಟಕ್ಕೆ ಹೋಗಿದ್ದೆವು. ಬಿಸಿಲಲ್ಲಿ ನಿಂತಿದ್ದ ಕಾರೊಂದರ ಹಿಂದಿನ ಗಾಜನ್ನು ಒಳಗಿನಿಂದ ಯಾರೋ ಬಡಿಯುತ್ತಿದ್ದರು. ಹತ್ತಿರ ಹೋದರೆ ಒಬ್ಬ ಅಜ್ಜಿ, ಮಡಿಲಲ್ಲಿ ಮೂರು ವರ್ಷದ ಮೊಮ್ಮಗ. ಮಗು ಮಲಗಿದೆ, ಎಬ್ಬಿಸುವುದು ಬೇಡ ಅಂತ ಇಬ್ಬರನ್ನೂ ಕಾರಲ್ಲೇ ಬಿಟ್ಟು ಮಗ ಮುಯ್ಯಿ ಕೊಡಲು ಒಳಗೆ ಹೋಗಿದ್ದ. ಹೋಗುವಾಗ ಅಭ್ಯಾಸಬಲದಿಂದ ರಿಮೋಟ್ ಒತ್ತಿದ್ದ. ನಾಲ್ಕೂ ಬಾಗಿಲು ಲಾಕ್.

ಅವನನ್ನು ಹುಡುಕಿ ಕರೆತರುವಷ್ಟರಲ್ಲಿ ಹದಿನೈದು ನಿಮಿಷ. ಮಗುವಿನ ಮೈಯೆಲ್ಲ ಬೆವರಲ್ಲಿ ತೊಯ್ದಿತ್ತು. ನೆರಳಿಗೆ ತಂದು ನೀರು ಕುಡಿಸಿದ ಮೇಲೆ ಸುಧಾರಿಸಿಕೊಂಡಿತು. ಗಾಬರಿಯಲ್ಲಿದ್ದ ಮಗ ತಾಯಿಯ ಮೇಲೆಯೇ ರೇಗಿದ: "ಅವ್ವಾ, ಮುಂದ್ಗಡೆ ಸ್ವಿಚ್ ಐತಲ್ಲ, ಒತ್ಬಾರ್ದಾ?"

ಅಜ್ಜಿ ಹೇಳಿದ್ದು ಇಷ್ಟೇ: "ಹತ್ತು ಅಂದ್ರೆ ಹತ್ತೀನಿ, ಇಳಿ ಅಂದ್ರೆ ಇಳೀತೀನಿ. ಬಾಗ್ಲು ಹೆಂಗೆ ತೆಗೀಬೇಕು ಅಂತ ಒಂದ್ ದಿನ ತೋರ್ಸಿದ್ಯೇನಪ್ಪಾ?"

ಈ ಪ್ರಶ್ನೆಗೆ ನಮ್ಮಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ. ಸೆಂಟ್ರಲ್ ಲಾಕ್ ಗೊತ್ತಿರುವುದು ಕಾರು ಓಡಿಸುವವನಿಗೆ. ಒಳಗೆ ಸಿಕ್ಕಿಹಾಕಿಕೊಳ್ಳುವವರು ಅಜ್ಜ, ಅಜ್ಜಿ, ಮಕ್ಕಳು.

ಎಲ್ಲ ಕಡೆ ಮಕ್ಕಳು ಹೀಗೆ ಬದುಕಿ ಬರುವುದಿಲ್ಲ. 2024ರ ನವೆಂಬರ್‌ನಲ್ಲಿ ಗುಜರಾತಿನ ಅಮ್ರೇಲಿ ಜಿಲ್ಲೆಯಲ್ಲಿ ಕೃಷಿ ಕೂಲಿಕಾರರ ನಾಲ್ಕು ಮಕ್ಕಳು ನಿಂತ ಕಾರಿನೊಳಗೆ ಸಿಕ್ಕಿ ಸತ್ತರು. ಅಪ್ಪ ಅಮ್ಮ ಕೂಲಿಗೆ ಹೋಗಿದ್ದರು. 2025ರ ಮೇ ತಿಂಗಳಲ್ಲಿ ಆಂಧ್ರದ ವಿಜಯನಗರಂ ಬಳಿಯ ದ್ವಾರಪುಡಿಯಲ್ಲಿ ಆಟವಾಡಲು ಹೋದ ನಾಲ್ಕು ಮಕ್ಕಳದೂ ಇದೇ ಕಥೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಶಾಖ ಏರುತ್ತದೆ. ಗಾಜು ಎರಡು ಬೆರಳು ಇಳಿಸಿದರೂ ಹೆಚ್ಚು ಉಪಯೋಗವಿಲ್ಲ. ದೊಡ್ಡವರಿಗಿಂತ ಮಕ್ಕಳ ಮೈ ಬಹಳ ಬೇಗ ಕಾಯುತ್ತದೆ.

ಸುದ್ದಿ ಬರೆಯುವ ನಮ್ಮದೂ ತಪ್ಪಿದೆ. "ಕಾರು ಲಾಕ್ ಆಗಿ ಸಾವು" ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ. ಲಾಕ್ ತೆಗೆಯುವುದು ಹೇಗೆ ಎಂದು ಬರೆಯುವುದಿಲ್ಲ. ಇವತ್ತು ಬರೆಯುತ್ತಿದ್ದೇವೆ.

ಕಾರಿನಲ್ಲಿ ಎರಡು ಬೇರೆ ಬೇರೆ ಲಾಕ್ ಇವೆ. ಸೆಂಟ್ರಲ್ ಲಾಕ್ ಒಂದೇ ಸಲಕ್ಕೆ ಎಲ್ಲ ಬಾಗಿಲನ್ನೂ ಹಾಕುತ್ತದೆ, ಬ್ಯಾಟರಿ ಕರೆಂಟಿನಲ್ಲಿ ಕೆಲಸ ಮಾಡುತ್ತದೆ. ಚೈಲ್ಡ್ ಲಾಕ್ ಹಿಂದಿನ ಬಾಗಿಲುಗಳ ಅಂಚಿನಲ್ಲಿರುವ ಸಣ್ಣ ಕಡ್ಡಿ. ಅದು ಬಿದ್ದಿದ್ದರೆ ಸೆಂಟ್ರಲ್ ಲಾಕ್ ತೆಗೆದರೂ ಹಿಂದಿನ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ಹೊರಗಿನಿಂದ ತೆರೆಯುತ್ತದೆ. ಆ ಅಜ್ಜಿಯ ಕಾರಿನಲ್ಲಿ ಎರಡೂ ಬಿದ್ದಿದ್ದವು.

2019ರ ಜುಲೈಯಿಂದ ಹೊಸ ಕಾರುಗಳಲ್ಲಿ ಸೆಂಟ್ರಲ್ ಲಾಕನ್ನು ಕೈಯಿಂದಲೂ ತೆಗೆಯಲು ಬರಬೇಕು, ಟ್ಯಾಕ್ಸಿಗಳಲ್ಲಿ ಚೈಲ್ಡ್ ಲಾಕ್ ಇರಬಾರದು ಎಂದು ನಿಯಮ ಬಂದಿದೆ. ಆದರೆ ನಮ್ಮ ಹಳ್ಳಿಗಳಲ್ಲಿ ಓಡಾಡುವ ಎಷ್ಟೋ ಕಾರುಗಳು ಅದಕ್ಕೂ ಹಳೆಯ ಸೆಕೆಂಡ್ ಹ್ಯಾಂಡ್ ಗಾಡಿಗಳು. ನಿಯಮ ಇದ್ದರೂ ಬಾಗಿಲು ತೆಗೆಯುವ ಕೈಗೆ ಅದು ಗೊತ್ತಿರಬೇಕಲ್ಲ?

ಆದ್ದರಿಂದ ನಾವು ಕೇಳುವುದು ಅರ್ಧ ಗಂಟೆ. ಒಂದು ಸಂಜೆ ಕಾರನ್ನು ನೆರಳಲ್ಲಿ ನಿಲ್ಲಿಸಿ, ಮನೆಮಂದಿಯನ್ನೆಲ್ಲ ಕೂರಿಸಿ. ಡ್ರೈವರ್ ಬಾಗಿಲ ಬಳಿಯ ಲಾಕ್ ಸ್ವಿಚ್ಚನ್ನು ಅಜ್ಜಿಯ ಕೈಯಲ್ಲೇ ಒತ್ತಿಸಿ. ಹಿಂದಿನ ಸೀಟಿನಿಂದ ಮುಂದಕ್ಕೆ ದಾಟಿ ಮುಂದಿನ ಬಾಗಿಲು ತೆಗೆಯುವುದನ್ನು ಮಕ್ಕಳಿಂದ ಮಾಡಿಸಿ. ಆಮೇಲೆ ನೀವು ಹೊರಗೆ ನಿಂತು ರಿಮೋಟ್‌ನಲ್ಲಿ ಲಾಕ್ ಮಾಡಿ, ಒಳಗಿದ್ದ ದೊಡ್ಡವರೊಬ್ಬರಿಗೆ ತೆಗೆಯಲು ಹೇಳಿ. ಕೆಲವು ಕಾರುಗಳಲ್ಲಿ ಹೀಗೆ ಮಾಡಿದಾಗ ಒಳಗಿನ ಸ್ವಿಚ್ ಕೆಲಸ ಮಾಡುವುದಿಲ್ಲ. ನಿಮ್ಮದು ಅಂಥದ್ದೇ ಎಂದು ಇವತ್ತೇ ಗೊತ್ತಾಗಲಿ. ಹಲವು ಕಾರುಗಳಲ್ಲಿ ಕೀ ಇಲ್ಲದಿದ್ದರೂ ಹಾರ್ನ್ ಹೊಡೆಯುತ್ತದೆ. ಹೊರಗೆ ಬರಲು ಆಗದಿದ್ದರೆ ಹಾರ್ನ್ ಒತ್ತುತ್ತಲೇ ಇರಲು ಕಲಿಸಿ.

ಬ್ಯಾಟರಿ ಸತ್ತರೆ ರಿಮೋಟ್ ಕೈಕೊಡುತ್ತದೆ. ಆಗ ಡ್ರೈವರ್ ಬಾಗಿಲನ್ನು ಕೀಲಿಯಿಂದಲೇ ತೆಗೆಯಬೇಕು. ಬಟನ್ ಸ್ಟಾರ್ಟ್ ಕಾರುಗಳ ರಿಮೋಟ್ ಒಳಗೇ ಒಂದು ಕೀಲಿ ಅಡಗಿರುತ್ತದೆ. ಹೊರಗೆ ಎಳೆದು ನೋಡಿಟ್ಟುಕೊಳ್ಳಿ.

ನಾಲೆ, ಕೆರೆ ಏರಿಯ ಮೇಲೆ ಓಡಾಡುವವರಿಗೆ ಇನ್ನೊಂದು ಮಾತು. ಕಾರು ನೀರಿಗೆ ಬಿದ್ದರೆ ಹೊರಗಿನ ನೀರಿನ ಒತ್ತಡಕ್ಕೆ ಬಾಗಿಲು ತೆರೆಯುವುದಿಲ್ಲ. ಬೆಲ್ಟ್ ಬಿಚ್ಚಿ, ತಕ್ಷಣ ಕಿಟಕಿ ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ಕಳಿಸಿ. ಕಿಟಕಿ ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಗಟ್ಟಿ ಚೂಪು ವಸ್ತುವಿನಿಂದ ಹೊಡೆಯಬೇಕು. ಮುಂದಿನ ದೊಡ್ಡ ಗಾಜು ಸುಲಭಕ್ಕೆ ಒಡೆಯುವುದಿಲ್ಲ. ಸಣ್ಣ ಸುತ್ತಿಗೆಯೊಂದು ಡ್ರೈವರ್ ಕೈಗೆ ಸಿಗುವಲ್ಲಿ ಇರಲಿ.

ಮನೆ ಮುಂದೆ ನಿಂತ ಕಾರನ್ನು ಯಾವಾಗಲೂ ಲಾಕ್ ಮಾಡಿ, ಅದಕ್ಕೂ ಮುಂಚೆ ಒಳಗೆ ಒಮ್ಮೆ ಇಣುಕಿ ನೋಡಿ. ಕೀಲಿಯನ್ನು ಕೀಟನಾಶಕದ ಡಬ್ಬಿ ಇಡುವ ಹಾಗೆ ಮಕ್ಕಳ ಕೈಗೆ ಎಟುಕದಂತೆ ಇಡಿ. ಬೇರೆಯವರ ಕಾರಿನಲ್ಲಿ ಮಗು ಸಿಕ್ಕಿಕೊಂಡಿದ್ದು ಕಂಡರೆ ಮಾಲೀಕ ಬರಲಿ ಅಂತ ಕಾಯುತ್ತಾ ನಿಲ್ಲಬೇಡಿ. 112ಕ್ಕೆ ಫೋನ್ ಮಾಡಿಸಿ. ಮಗು ಬಳಲಿದಂತೆ ಕಂಡರೆ ಅದರಿಂದ ದೂರದ ಪಕ್ಕದ ಗಾಜು ಒಡೆಯಿರಿ. ಗಾಜಿನ ದುಡ್ಡು ನಾಳೆ ಮಾತಾಡಿಕೊಳ್ಳಬಹುದು.

ಲಾಕ್ ಇರುವುದು ಕಳ್ಳ ಒಳಗೆ ಬರದಿರಲಿ ಅಂತ. ನಮ್ಮವರು ಹೊರಗೆ ಬರುವ ದಾರಿಯನ್ನು ನಾವೇ ತೋರಿಸಿಕೊಡಬೇಕು. ಮನೆಗೆ ಕಾರು ತಂದ ದಿನ ಪೂಜೆ ಮಾಡಿ ಚಕ್ರಕ್ಕೆ ನಿಂಬೆಹಣ್ಣು ಇಡುತ್ತೇವಲ್ಲ, ಅವತ್ತೇ ಅಜ್ಜಿಗೆ ಬಾಗಿಲು ತೆಗೆಯುವುದನ್ನೂ ಕಲಿಸೋಣ.