ವಾಲ್ಯೂಮ್ ಮೈನಸ್ 30 ಅಂದರೆ ಸದ್ದು ಸೊನ್ನೆಗಿಂತ ಕಡಿಮೆಯೇ?

ಹಳೆಯ ಸ್ಟಿರಿಯೊ ಬದಲಿಸಿ ಹೊಸ ರಿಸೀವರ್ ತಂದವರಿಗೆ ಮೊದಲ ದಿನವೇ ಒಂದು ಅನುಮಾನ ಬರುತ್ತದೆ. ಹಾಡು ಮನೆ ತುಂಬಾ ಕೇಳುತ್ತಿದೆ, ಪರದೆಯ ಮೇಲೆ ಮಾತ್ರ "ಮೈನಸ್ 30 ಡೆಸಿಬಲ್" ಅಂತಿದೆ. ಸೆಟ್ ಕೆಟ್ಟಿದೆಯಾ? ಇಲ್ಲ. ಇಲ್ಲಿ ಅಳತೆ ಎಲ್ಲಿಂದ ಶುರುವಾಗುತ್ತದೆ ಅನ್ನುವುದೇ ಬೇರೆ.

ಗೊರೂರು ಡ್ಯಾಂ ಲೆಕ್ಕ

ಹಾಸನ ಜಿಲ್ಲೆಯವರಿಗೆ ಇದು ಹೊಸ ಲೆಕ್ಕವಲ್ಲ. ಗೊರೂರಿನ ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ 2922 ಅಡಿ. ನೀರು 2912 ಅಡಿಗೆ ಬಂದಿದ್ದರೆ "2912 ಅಡಿ ಇದೆ" ಅನ್ನಬಹುದು, "ತುಂಬಲು ಇನ್ನು 10 ಅಡಿ ಬಾಕಿ" ಅಂತಲೂ ಹೇಳಬಹುದು. ನೀರು ಅಷ್ಟೇ, ಹೇಳುವ ರೀತಿ ಎರಡು.

ಮೈನಸ್ ಅಂಕಿ ಎರಡನೆಯ ರೀತಿಯದು. ಇದಕ್ಕೆ ರಿಲೇಟಿವ್ ಅಳತೆ ಎನ್ನುತ್ತಾರೆ. ಇಲ್ಲಿ 0 ಅಂದರೆ ಮೌನವಲ್ಲ, ಗುರುತು ಹಾಕಿದ ಒಂದು ಜೋರಾದ ಮಟ್ಟ. ಮೈಕ್ ಇಟ್ಟು ಹೊಂದಿಸಿದ ಹೋಮ್ ಥಿಯೇಟರ್‌ನಲ್ಲಿ ಅದು ಸಿನಿಮಾ ಮಂದಿರದ ಮಾನದಂಡ: ಮುಖ್ಯ ಸ್ಪೀಕರ್ ಒಂದರಿಂದಲೇ ನಾವು ಕೂತಲ್ಲಿಗೆ ಗರಿಷ್ಠ 105 ಡೆಸಿಬಲ್‌ವರೆಗೆ ಸದ್ದು ಬರಬಹುದು.

ಆಬ್ಸಲ್ಯೂಟ್ ಅಳತೆಯಲ್ಲಿ ಅಂಕಿ 0ಯಿಂದ ಮೇಲಕ್ಕೆ ಏರುತ್ತದೆ. ಡೆನಾನ್, ಮರಾಂಟ್ಜ್‌ನ ಅನೇಕ ರಿಸೀವರ್‌ಗಳಲ್ಲಿ ಎರಡೂ ಇವೆ, ಮೆನುವಿನಲ್ಲಿ ಬದಲಿಸಿಕೊಳ್ಳಬಹುದು. ಅವುಗಳಲ್ಲಿ ರಿಲೇಟಿವ್ 0 ಅಂದರೆ ಆಬ್ಸಲ್ಯೂಟ್ 80. ಮೈನಸ್ 30 ಅಂದರೆ 50.

50 ಅಂದರೆ ಅರ್ಧವೇ?

ಅಲ್ಲ. ಇಂಥ ಸೆಟ್‌ನಲ್ಲಿ ಒಂದು ಅಂಕಿ ಅಂದರೆ ಒಂದು ಡೆಸಿಬಲ್. 3 ಡೆಸಿಬಲ್ ಏರಿಸಿದರೆ ಸ್ಪೀಕರ್‌ಗೆ ಹೋಗುವ ವ್ಯಾಟ್ ಎರಡರಷ್ಟಾಗುತ್ತದೆ, 10 ಏರಿಸಿದರೆ ಹತ್ತರಷ್ಟು. ನಮ್ಮ ಕಿವಿಗೆ ಮಾತ್ರ ಆ 10 ಡೆಸಿಬಲ್ ಸುಮಾರು ಎರಡರಷ್ಟು ಜೋರು ಅನ್ನಿಸುತ್ತದೆ. ಅಂದರೆ ಮೈನಸ್ 30ರಲ್ಲಿ ಹೋಗುವುದು 0ಯಲ್ಲಿ ಹೋಗುವ ವ್ಯಾಟ್‌ನ ಸಾವಿರದ ಒಂದು ಪಾಲು. "ಇನ್ನೊಂದು ಆರು ಅಂಕಿ ತಾನೇ" ಅಂತ ಕೊನೆಯಲ್ಲಿ ತಿರುಗಿಸಿದರೆ ವ್ಯಾಟ್ ನಾಲ್ಕರಷ್ಟಾಗುತ್ತದೆ. ಸ್ಪೀಕರ್ ಸುಡುವುದು ಹೀಗೆಯೇ.

ಕಿವಿಗೆ ಎಷ್ಟು ಬಿತ್ತು?

ಡ್ಯಾಂ ಮಟ್ಟ ನೋಡಿ ನಾಲೆಯ ಕೊನೆಯ ಗದ್ದೆಗೆ ಎಷ್ಟು ನೀರು ಬಂತು ಅಂತ ಹೇಳಲಾಗದು. ಹಾಗೆಯೇ ಪರದೆಯ ಅಂಕಿ ಕಿವಿಗೆ ಬಿದ್ದ ಸದ್ದನ್ನು ಹೇಳುವುದಿಲ್ಲ, ಅದರ ಹೆಸರು ಆಬ್ಸಲ್ಯೂಟ್ ಆಗಿದ್ದರೂ. ಹಾಡಿನ ರೆಕಾರ್ಡಿಂಗ್, ಸ್ಪೀಕರ್, ಕೋಣೆ, ಕೂತ ದೂರ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಲೆಕ್ಕ ಇಡಬೇಕಾದದ್ದು ಕಿವಿಯ ಹತ್ತಿರದ ಸದ್ದನ್ನು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಆದರೆ ಸುಮಾರು 4 ಗಂಟೆ ಮಾತ್ರ. ಕಿವಿಯೊಳಗಿನ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಬೆಳೆಯುವುದಿಲ್ಲ. ನೆರೆಮನೆಯವರ ನಿದ್ದೆಗೂ ಲೆಕ್ಕವಿದೆ: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್.

ಏನು ಮಾಡಬಹುದು?

ನೀವು ಕೂರುವ ಜಾಗದಲ್ಲಿ ಮೊಬೈಲ್‌ನ ಸೌಂಡ್ ಮೀಟರ್ ಆ್ಯಪ್ ಇಟ್ಟು ನೋಡಿ. ಪಕ್ಕಾ ಅಳತೆಯಲ್ಲದಿದ್ದರೂ ಅಂದಾಜು ಸಿಗುತ್ತದೆ. ಹಿತವಾದ ಮಟ್ಟ ಸಿಕ್ಕಾಗ ಪರದೆಯ ಅಂಕಿ ಬರೆದಿಟ್ಟುಕೊಳ್ಳಿ, ಮೆನುವಿನಲ್ಲಿ ಗರಿಷ್ಠ ವಾಲ್ಯೂಮ್ ಮಿತಿಯನ್ನು ಅದಕ್ಕಿಂತ ತುಸು ಮೇಲಕ್ಕೆ ಇಡಿ. ಮಕ್ಕಳು ರಿಮೋಟ್ ಹಿಡಿದಾಗ ಅದು ಉಪಯೋಗಕ್ಕೆ ಬರುತ್ತದೆ. ಪಕ್ಕದಲ್ಲಿ ಕೂತವರೊಡನೆ ಕೂಗಿ ಮಾತಾಡಬೇಕಾಗಿ ಬಂದರೆ, ಅಂಕಿ ಮೈನಸ್ ಇರಲಿ ಪ್ಲಸ್ ಇರಲಿ, ಸದ್ದು ಹೆಚ್ಚಾಗಿದೆ ಅಂತಲೇ ಅರ್ಥ.