ಪಹಣಿ ಇಲ್ಲದವರ ಮಳೆಗಾಲ

ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಹೋಬಳಿಯಲ್ಲಿ ಮಳೆ ಕೆಟ್ಟಿತೆಂದರೆ ಮೊದಲು ಏಳುವುದು ಎಕರೆಯ ಲೆಕ್ಕ. ಎಷ್ಟು ಎಕರೆಗೆ ಕೊಳೆರೋಗ ತಗುಲಿತು, ಎಷ್ಟು ಕಾಯಿ ಉದುರಿತು, ಮೆಣಸಿನ ಬಳ್ಳಿ ಎಷ್ಟು ಸೊರಗಿತು. ಈ ಲೆಕ್ಕದಲ್ಲಿ ಸುಳ್ಳಿಲ್ಲ. ಬೆಳೆಗಾರನ ಸಂಕಟವೂ ನಿಜವೇ. ಆದರೆ ಆ ಎಕರೆಗಳಲ್ಲಿ ಬೆಳಗಿನಿಂದ ಸಂಜೆವರೆಗೆ ನಿಂತು ದುಡಿಯುವ, ಬಹುಪಾಲು ದಲಿತ ಕುಟುಂಬಗಳ ಹೆಸರಿನಲ್ಲಿ ಒಂದು ಗುಂಟೆಯೂ ಇರುವುದಿಲ್ಲ. ಹವಾಮಾನ ಬದಲಾವಣೆಗೆ ಮಲೆನಾಡನ್ನು ಸಜ್ಜುಗೊಳಿಸಬೇಕು ಎಂದು ಈಗ ಎಲ್ಲರೂ ಹೇಳುತ್ತಾರೆ. ಸಜ್ಜಾಗಬೇಕಾದದ್ದು ತೋಟವೋ, ತೋಟದಲ್ಲಿರುವ ಜನವೋ? ತೋಟ ಉಳಿದರೆ ಜನ ತಾವಾಗಿಯೇ ಉಳಿಯುತ್ತಾರೆಂಬ ನಂಬಿಕೆಯ ಮೇಲೆ ನಮ್ಮ ಯೋಜನೆಗಳೆಲ್ಲ ನಿಂತಿವೆ. ಆ ನಂಬಿಕೆ ತಪ್ಪೆಂಬುದು ನನ್ನ ವಾದ.

ಕಾಫಿ ಗಿಡ ಮಳೆಯ ಹೊತ್ತುಗೊತ್ತನ್ನು ನಂಬಿ ಬದುಕುವ ಗಿಡ. ಫೆಬ್ರವರಿಯಿಂದ ಏಪ್ರಿಲ್ ನಡುವೆ ಒಂದಿಂಚಿನಷ್ಟು ಹೂಮಳೆ ಬಿದ್ದರೆ ಮಲಗಿದ್ದ ಮೊಗ್ಗು ಎಂಟು ಹತ್ತು ದಿನಗಳಲ್ಲಿ ಅರಳುತ್ತದೆ. ಅದಾಗಿ ಎರಡು ಮೂರು ವಾರದೊಳಗೆ ಬ್ಯಾಕಿಂಗ್ ಮಳೆ ಬರದಿದ್ದರೆ ಕಾಯಿ ಕಚ್ಚುವುದಿಲ್ಲ. ಆಮೇಲೆ ಮುಂಗಾರು ಹದವಾಗಿರಬೇಕು, ನವೆಂಬರಿಗೆ ಬಿಸಿಲು ಬಿಡಬೇಕು. ಈ ಕ್ರಮದಲ್ಲಿ ಒಂದು ಕೊಂಡಿ ತಪ್ಪಿದರೂ ವರ್ಷದ ದುಡಿಮೆ ಕೈಬಿಟ್ಟುಹೋಗುತ್ತದೆ. 2021ರ ನವೆಂಬರಿನಲ್ಲಿ ಆದದ್ದು ಅದೇ: ಹಣ್ಣಾದ ಅರೇಬಿಕಾ ಮಳೆಗೆ ಒಡೆದು ನೆಲಕ್ಕೆ ಬಿತ್ತು, ಕಣದಲ್ಲಿ ಹರವಿದ್ದಕ್ಕೆ ಬೂಷ್ಟು ಹಿಡಿಯಿತು. ಬೆಳೆಗಾರನ ನಷ್ಟ ಪತ್ರಿಕೆಗಳಲ್ಲಿ ಬಂತು, ಬರಬೇಕಾದದ್ದೇ. ಕೊಯ್ಲಿನವರ ನಷ್ಟ ಯಾವ ಕಾಲಮ್ಮಿಗೂ ಸೇರಲಿಲ್ಲ. ಕೊಯ್ಲೆಂದರೆ ಬಹಳ ಕಡೆ ಕೆ.ಜಿ. ಲೆಕ್ಕದ ಕೂಲಿ. ಗಿಡ ತುಂಬ ಹಣ್ಣಿದ್ದರೆ ಕೈ ಓಡುತ್ತದೆ, ಸಂಜೆ ತೂಕಕ್ಕಿಟ್ಟಾಗ ಚೀಲ ಭಾರವಾಗಿರುತ್ತದೆ. ಹಣ್ಣು ನೆಲದಲ್ಲಿದ್ದರೆ ದಿನವಿಡೀ ಬಗ್ಗಿ, ಜಿಗಣೆ ಕಿತ್ತುಕೊಳ್ಳುತ್ತ, ಎಲೆ ಸರಿಸಿ ಒಂದೊಂದೇ ಆಯಬೇಕು. ಚೀಲ ಅರ್ಧಕ್ಕೂ ಬರುವುದಿಲ್ಲ. ವರ್ಷದಲ್ಲಿ ನಾಲ್ಕು ಕಾಸು ಕೂಡಿಡುವ ಕಾಲ ಅದೊಂದೇ. ಸಂಘದ ಸಾಲದ ಕಂತು, ಮಕ್ಕಳ ಶಾಲೆಯ ಖರ್ಚು, ಮಳೆಗಾಲಕ್ಕೆ ಅಕ್ಕಿ, ಎಲ್ಲವೂ ಆ ದುಡ್ಡಿನ ಮೇಲೆಯೇ ನಿಂತಿರುತ್ತವೆ.

ಪರಿಹಾರ ಹೇಗೆ ಬರುತ್ತದೆ ನೋಡಿ. ಕೇಂದ್ರದ ವಿಪತ್ತು ಪರಿಹಾರದ 2022ರ ಮಾರ್ಗಸೂಚಿಯಂತೆ ಬಹುವಾರ್ಷಿಕ ಬೆಳೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾಳಾದರೆ ಹೆಕ್ಟೇರಿಗೆ 22,500 ರೂಪಾಯಿ, ಅದೂ 2 ಹೆಕ್ಟೇರಿನ ಮಿತಿಯಲ್ಲಿ. ಬೆಳೆಗಾರನಿಗೇ ಇದು ಸಾಲದು, ಒಪ್ಪುತ್ತೇನೆ. ಆದರೆ ಅದಕ್ಕೂ ಪಹಣಿ ಬೇಕು. ಅಡಿಕೆ, ಮೆಣಸಿನ ಹವಾಮಾನ ಆಧಾರಿತ ವಿಮೆಗೆ ಪಹಣಿ ಬೇಕು. ಬೆಳೆಸಾಲಕ್ಕೂ ಸಹಾಯಧನಕ್ಕೂ ಪಹಣಿಯೇ ಬೇಕು. ಮನೆ ನೀರುಪಾಲಾದ ಕುಟುಂಬದ ಬಟ್ಟೆ, ಪಾತ್ರೆಗಳಿಗೆ ಅದೇ ಮಾರ್ಗಸೂಚಿ ಕೊಡುವುದು ತಲಾ 2,500. ಇನ್ನು ತೋಟದ ಕಾರ್ಮಿಕರಿರುವ ಲೈನ್ ಮನೆಯ ಗೋಡೆ ಬಿದ್ದರೆ ಆ ಮನೆ ಅಲ್ಲಿ ವಾಸವಿದ್ದವರದಲ್ಲ, ತೋಟದವರದು. ಹೀಗೆ ನಾಲ್ಕು ದಿಕ್ಕಿನಿಂದ ಬರುವ ನೆರವು ಒಂದೇ ಕಾಗದದ ಮೂಲಕ ಹಾಯಬೇಕು. ಆ ಕಾಗದ ಇಲ್ಲದವರ ಮನೆಗೆ ಹವಾಮಾನದ ಪೆಟ್ಟು ಮಾತ್ರ ತಲುಪುತ್ತದೆ.

ಹೊಂದಾಣಿಕೆಯ ಹೆಸರಿನಲ್ಲಿ ನಡೆದಿರುವ ಬದಲಾವಣೆಗಳನ್ನೂ ಈ ಕಣ್ಣಿನಿಂದ ನೋಡಬೇಕು. ಕಾಂಡಕೊರಕದ ಕಾಟಕ್ಕೆ ಬೇಸತ್ತು ಅನೇಕರು ಅರೇಬಿಕಾ ಕಿತ್ತು ರೊಬಸ್ಟಾ ಹಾಕಿದ್ದಾರೆ. ರೊಬಸ್ಟಾಗೆ ಹೂಮಳೆಯನ್ನು ಕಾಯುವ ಬದಲು ಸ್ಪ್ರಿಂಕ್ಲರ್ ಹಾರಿಸಬಹುದು. ತೋಟದ ದೃಷ್ಟಿಯಿಂದ ಇದು ಜಾಣತನ. ಆದರೆ ಮಾರ್ಚಿನಲ್ಲಿ ಹಳ್ಳಕ್ಕೆ ಮೋಟಾರ್ ಇಟ್ಟು ನೀರೆತ್ತಿದಾಗ ಕೆಳಗಿನ ಕಾಲೊನಿಯ ಬಾವಿಯ ಗತಿಯೇನು? ಹೇಮಾವತಿ ಹುಟ್ಟುವುದು ಇದೇ ತಾಲ್ಲೂಕಿನ ಜಾವಳಿಯಲ್ಲಿ. ನದಿ ಹುಟ್ಟುವ ತಾಲ್ಲೂಕಿನಲ್ಲೇ ಬೇಸಿಗೆ ಬಂದರೆ ಕೊಡ ಹಿಡಿದು ಕಾಯುವ ಕೇರಿಗಳಿವೆ. ಅತ್ತಿ, ಹಲಸು, ನೇರಳೆ, ಹಾಲುವಾಣದ ಮಿಶ್ರ ನೆರಳು ಹೋಗಿ ಬರೀ ಸಿಲ್ವರ್ ಓಕ್ ಸಾಲು ಬಂದಲ್ಲಿ ಇನ್ನೊಂದು ನಷ್ಟವೂ ಇದೆ. ಮರಗಸಿ, ಚಿಗುರು ತೆಗೆಯುವುದು, ಕಾಂಡಕೊರಕ ಹಿಡಿದ ಗಿಡ ಹುಡುಕುವುದು, ಮೆಣಸು ಕೊಯ್ಯುವುದು, ಕಿತ್ತಳೆ ಇಳಿಸುವುದು, ಇವೆಲ್ಲ ಸೇರಿ ವರ್ಷದ ಹೆಚ್ಚು ತಿಂಗಳು ಕೆಲಸ ಕೊಡುತ್ತಿದ್ದವು. ತೋಟದೊಳಗಿನ ವೈವಿಧ್ಯ ಮಂಗಟ್ಟೆಗೂ ಜೇನಿಗೂ ಒಳ್ಳೆಯದೆಂದು ನಾವು ಬರೆಯುತ್ತೇವೆ. ಅದು ಕೂಲಿಯ ದಿನಗಳ ಸಂಖ್ಯೆಯೂ ಹೌದೆಂದು ಬರೆಯುವುದಿಲ್ಲ.

ಧಾರಣೆ ಏರಿದರೆ ಎಲ್ಲರಿಗೂ ಒಳ್ಳೆಯದಾಗುತ್ತದೆ ಎನ್ನುವವರಿದ್ದಾರೆ. ವಿಯೆಟ್ನಾಂ, ಬ್ರೆಜಿಲ್‌ಗಳಲ್ಲಿ ಬರ ಬಿದ್ದು 2024–25ರಲ್ಲಿ ಕಾಫಿಯ ಧಾರಣೆ ಹಿಂದೆಂದೂ ಕಾಣದ ಎತ್ತರಕ್ಕೆ ಹೋಯಿತು. ದಿನಗೂಲಿ ಸ್ವಲ್ಪ ಹೆಚ್ಚಿದ್ದೂ ಉಂಟು. ಆದರೆ ಧಾರಣೆ ಎಷ್ಟೇ ಏರಲಿ, ಪುಷ್ಯ, ಆಶ್ಲೇಷ ಮಳೆ ಬಿಡದೆ ಹೊಡೆಯುವಾಗ ಕೆಲಸವಿಲ್ಲದ ದಿನಕ್ಕೆ ಕೂಲಿಯಿಲ್ಲ. ಲಾಭ ಮಾಲೀಕನಿಂದ ಇಳಿದು ಬರಲು ಹಿಡಿಯುವಷ್ಟು ಕಾಲ ನಷ್ಟಕ್ಕೆ ಬೇಕಾಗುವುದಿಲ್ಲ. ಅದು ಮಾರನೆಯ ಬೆಳಿಗ್ಗೆಯೇ ಲೈನಿಗೆ ಬಂದಿರುತ್ತದೆ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಕಂಡಕಂಡವರಿಗೆ ಹಕ್ಕುಪತ್ರ ಕೊಟ್ಟರೆ ಕಾಡು, ಗೋಮಾಳ ಉಳಿಯುತ್ತವೆಯೇ ಎಂದು ಕೇಳುತ್ತಾರೆ. ಕಾಡು ಉಳಿಯಲೇಬೇಕು. ಆದರೆ ಒತ್ತುವರಿಯಾದ ಸರ್ಕಾರಿ ಜಮೀನಿನ ಕಾಫಿ ತೋಟವನ್ನು 25 ಎಕರೆವರೆಗೆ 30 ವರ್ಷ ಗುತ್ತಿಗೆಗೆ ಕೊಡಲು ರಾಜ್ಯ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದಿದೆ. ತೋಟಕ್ಕೆ ದಾರಿ ಹುಡುಕಿದ ಸರ್ಕಾರಕ್ಕೆ 30×40 ಅಡಿಯ ನಿವೇಶನಕ್ಕೆ ದಾರಿ ಸಿಗದೆ ಹೋಗುವುದನ್ನು ನಾನು ಒಪ್ಪಲಾರೆ. 2019ರ ಆಗಸ್ಟ್ ಮಳೆಯಲ್ಲಿ ಇದೇ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜರಿಯಿತು, ಚಾರ್ಮಾಡಿ ಘಾಟಿಯಲ್ಲಿ ಸಂಚಾರ ನಿಂತಿತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ಎಂದು ಸರ್ಕಾರ ಘೋಷಿಸಿತು. ಆದರೂ ಆ ಊರುಗಳ ಜನ ಬದಲಿ ಜಾಗಕ್ಕಾಗಿ ವರ್ಷಗಟ್ಟಲೆ ಅಲೆದರು. ಅವರಲ್ಲಿ ಜಮೀನಿದ್ದವರೂ ಇದ್ದರು. ಜಮೀನಿದ್ದವರ ಪಾಡೇ ಹೀಗಾದರೆ, ಧರೆಯ ಬುಡದಲ್ಲಿ ಗುಡಿಸಲು ಕಟ್ಟಿಕೊಂಡವರ ಮಾತು ಹೇಳಬೇಕಾಗಿಲ್ಲ. ಬಡವರಿಗೆ ಮನೆ ಕಟ್ಟಲು ಸಿಗುವುದೇ ಬೇರೆಯವರು ಬಿಟ್ಟ ಜಾಗ: ಕಡಿದ ಧರೆಯ ಕೆಳಗೆ, ಹಳ್ಳದ ಅಂಚಿನಲ್ಲಿ.

ಹಾಗಾಗಿ ಮೊದಲ ಖರ್ಚು ಅಲ್ಲಿಂದ ಶುರುವಾಗಬೇಕು. ಅಪಾಯದ ಧರೆಗಳ ಪಟ್ಟಿ ಮಾಡಿ, ಮಳೆಗೆ ಮುಂಚೆ ಮೇಲಿನ ಬಸಿಗಾಲುವೆ ಬಿಡಿಸಿ, ಬದಲಿ ನಿವೇಶನವನ್ನು ಹೆಣ್ಣುಮಗಳ ಹೆಸರಿಗೆ ಕೊಡಬೇಕು. ನಿಂತ ಕೂಲಿಗೂ ದಾರಿಯಿದೆ. ಗುಜರಾತಿನ ‘ಸೇವಾ’ ಎಂಬ ಸಂಘಟನೆ 2023ರಿಂದ ಬಿಸಿಲು ಮಿತಿಮೀರಿದ ದಿನಗಳಿಗೆ ದುಡಿಯುವ ಹೆಂಗಸರಿಗೆ ವಿಮೆ ಮಾಡಿಸುತ್ತಿದೆ; ಉಷ್ಣತೆ ಗೊತ್ತಾದ ಮಟ್ಟ ದಾಟಿದರೆ ಸಾಕು, ನಷ್ಟದ ಪುರಾವೆ ಯಾರೂ ಒಯ್ಯಬೇಕಿಲ್ಲ. ನಮ್ಮಲ್ಲಿ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕಗಳಿವೆ, ಮೆಣಸಿನ ವಿಮೆ ಅವುಗಳ ಮೇಲೆಯೇ ನಡೆಯುತ್ತದೆ. ಬಳ್ಳಿಗೆ ಅಳೆದ ಮಳೆಯನ್ನು ಬಳ್ಳಿ ಕಟ್ಟುವವಳಿಗೂ ಅಳೆಯಲು ಹೊಸ ಯಂತ್ರವೇನೂ ಬೇಡ. ಜೀವನೋಪಾಯಕ್ಕೆ ತೀವ್ರ ಪೆಟ್ಟು ಬಿದ್ದ ಕುಟುಂಬಕ್ಕೆ ಉದ್ಯೋಗ ಖಾತ್ರಿ ಕೂಲಿಯ ದರದಲ್ಲಿ ನೆರವು ಕೊಡುವ ಅವಕಾಶ 2022ರ ಆ ವಿಪತ್ತು ಮಾರ್ಗಸೂಚಿಯಲ್ಲೇ ಇದೆ. ತಾಲ್ಲೂಕು ಆಡಳಿತ ಅದನ್ನು ಕೇಳಿ ತರಬೇಕು. ಮೂಡಿಗೆರೆಯ ತೋಟಗಾರಿಕೆ ಕಾಲೇಜು, ಬಾಳೆಹೊನ್ನೂರಿನಲ್ಲಿ 1925ರಿಂದಿರುವ ಕಾಫಿ ಸಂಶೋಧನಾ ಕೇಂದ್ರ ಇವು ಬೆಳೆಗಾರರಿಗೆ ಕೊಡುವ ತರಬೇತಿಯನ್ನು ಕಾರ್ಮಿಕರಿಗೂ ಕೊಡಲಿ. ಕಸಿ ಕಟ್ಟುವ, ಸಸಿ ಮಾಡುವ, ಜೇನು ಸಾಕುವ ಕೈಗೆ, ಮಳೆ ತೋಟದ ದುಡಿಮೆ ನಿಲ್ಲಿಸಿದ ದಿನವೂ ಕೆಲಸವಿರುತ್ತದೆ.

ಬೆಳೆಗಾರ ಮಿತ್ರರಲ್ಲಿ ಒಂದು ವಿನಂತಿ. ಮುಂದಿನ ಗ್ರಾಮಸಭೆಯಲ್ಲಿ ಬೆಳೆಹಾನಿಯ ಅರ್ಜಿ ಹಿಡಿದು ನಿಲ್ಲುವಾಗ, ನಿಮ್ಮ ತೋಟದ ಲೈನಿನಲ್ಲಿ ಧರೆಗೆ ಹತ್ತಿಕೊಂಡಿರುವ ಮನೆಗಳೆಷ್ಟು, ಮಳೆಗೆ ಕೂಲಿ ತಪ್ಪಿದ ದಿನಗಳೆಷ್ಟು ಎಂಬುದನ್ನೂ ಬರೆದು ತನ್ನಿ. ಅವರ ಅರ್ಜಿಗೆ ಪಹಣಿಯ ಬಲವಿಲ್ಲ. ನಿಮ್ಮ ಸಹಿಯ ಬಲವಾದರೂ ಇರಲಿ.